ಬಳುಕೋ ಮೈಯ ದಣಿವು

ಕೀಲು ಜಾಸ್ತಿ ಬಾಗೋ ಮಕ್ಕಳಿಗೆ ಮೊದ್ಲು ಸಿಗೋದು ಶಹಬ್ಬಾಸ್‌ಗಿರಿ. ಹೆಬ್ಬೆರಳನ್ನ ಮಡಿಸಿ ಮುಂಗೈಗೆ ತಾಗಿಸಿದ್ರೆ ಸುತ್ತ ಇದ್ದೋರು ಕಣ್ಣರಳಿಸಿ ನೋಡ್ತಾರೆ, ಇನ್ನೊಂದ್ಸಲ ಮಾಡು ಅಂತಾರೆ, ಮೈ ಎಷ್ಟು ಚೆನ್ನಾಗಿ ಬಳುಕುತ್ತೆ ನೋಡಿ ಅಂತ ಪಕ್ಕದೋರನ್ನೂ ಕರೀತಾರೆ. ನಂಗೂ ಹಾಗೇ ಆಗಿದ್ದು. ಮಂಡಿ ಮಡಿಸದೆ ಬಗ್ಗಿ ಅಂಗೈ ಪೂರ್ತಿ ನೆಲಕ್ಕೆ ಊರೋದು ನಂಗೆ ಒಂದು ಕೆಲಸ ಅಂತಾನೇ ಅನಿಸ್ತಿರಲಿಲ್ಲ. ಆದ್ರೆ ಅದೇ ಮೈ ಸಂಜೆ ಹೊತ್ತಿಗೆ ಯಾಕೆ ಹಿಂಗೆ ನೋಯುತ್ತೆ, ಭಾರದ ಕೆಲಸ ಏನೂ ಮಾಡ್ದೇ ಇದ್ರೂ ಯಾಕೆ ಇಷ್ಟು ಸುಸ್ತು ಅಂದಾಗ ಈ ಎರಡನ್ನೂ ಜೋಡಿಸಿ ನೋಡಿದೋರು ಯಾರೂ ಇರಲಿಲ್ಲ. ಬಳುಕೋ ಮೈ ಅಂದ್ರೆ ಆರೋಗ್ಯದ ಮೈ, ಅದಕ್ಕೆ ನೋವು ಯಾಕೆ ಬರುತ್ತೆ ಅನ್ನೋದೇ ಎಲ್ಲರ ಲೆಕ್ಕ.

ಇಷ್ಟು ವರ್ಷ ಈ ಮೈ ಜೊತೆ ಬದುಕಿ, ಓದಿ, ಗೊತ್ತಿರೋರನ್ನ ಕೇಳಿ ನಂಗೆ ಖಾತ್ರಿಯಾಗಿರೋ ವಿಷಯ ಒಂದೇ. ಕೀಲು ಚೆನ್ನಾಗಿ ಬಾಗೋದು ಬೇರೆ, ಕೀಲು ತನ್ನ ಜಾಗದಲ್ಲಿ ನಿಲ್ಲೋದು ಬೇರೆ. ಹೆಚ್ಚಿನವರಿಗೆ ಆ ನಿಲ್ಲೋ ಕೆಲಸ ತನ್ನಷ್ಟಕ್ಕೆ ಆಗಿಹೋಗುತ್ತೆ, ಗಮನಕ್ಕೂ ಬರಲ್ಲ. ಹೈಪರ್‌ಮೊಬಿಲಿಟಿಯಿಂದ, ಅಂದ್ರೆ ಕೀಲು ಹೀಗೆ ಅತಿಯಾಗಿ ಬಾಗೋದರಿಂದ, ತೊಂದರೆ ಪಡೋರು ಅದನ್ನ ಬೆಳಗಿಂದ ರಾತ್ರಿವರೆಗೂ ಸ್ನಾಯುಗಳನ್ನ ದುಡಿಸಿಯೇ ಮಾಡಿಸ್ಕೋಬೇಕು. ಆ ದುಡಿಮೆ ಯಾರ ಕಣ್ಣಿಗೂ ಬೀಳಲ್ಲ, ಎಷ್ಟೋ ಸಲ ದುಡಿತಿರೋರಿಗೇ ಗೊತ್ತಿರಲ್ಲ, ಆದ್ರೆ ಅದರ ದಣಿವು ಮಾತ್ರ ಅಪ್ಪಟ ನಿಜ.

ಮೈಯೊಳಗೆ ಏನಾಗ್ತಿದೆ ಅಂತ ಸ್ವಲ್ಪ ಹೇಳ್ತೀನಿ. ಎರಡು ಮೂಳೆ ಸೇರೋ ಜಾಗಾನ ಲಿಗಮೆಂಟ್ ಅನ್ನೋ ಗಟ್ಟಿ ಪಟ್ಟಿಗಳು ಹಿಡಿದಿಟ್ಟಿರ್ತವೆ, ಇಲ್ಲಿಗೆ ಸಾಕು, ಇದರಾಚೆ ಬಾಗ್ಬೇಡ ಅಂತ ಕೀಲನ್ನ ತಡೆಯೋದು ಅವೇ. ಆ ಪಟ್ಟಿಗಳ ಮುಖ್ಯ ಸಾಮಗ್ರಿ ಕೊಲಾಜೆನ್, ನಮ್ಮ ಮೈಯಲ್ಲಿರೋ ಒಟ್ಟು ಪ್ರೋಟೀನ್‌ನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇದೇ. ಮೂರು ಎಳೆ ಸೇರಿಸಿ ಹಗ್ಗ ಹೊಸೆದ ಹಾಗೆ ಅದರ ರಚನೆ. ಆ ಎಳೆಯಲ್ಲೋ, ಹೊಸೆಯೋ ರೀತಿಯಲ್ಲೋ, ಸುತ್ತ ಇರೋ ಬೇರೆ ಪ್ರೋಟೀನ್‌ಗಳಲ್ಲೋ ಹುಟ್ಟಿನಿಂದಲೇ ಒಂದು ಸಣ್ಣ ವ್ಯತ್ಯಾಸ ಇದ್ರೆ ಲಿಗಮೆಂಟ್ ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗುತ್ತೆ. ಕೆಲವರಲ್ಲಿ ಮೂಳೆ ಕೂರೋ ಗುಣಿಯ ಆಳ ಕಮ್ಮಿ ಇರೋದು, ಸ್ನಾಯುಗಳ ಸಹಜ ಬಿಗಿ ಕಮ್ಮಿ ಇರೋದು ಕೂಡ ಕಾರಣ ಆಗುತ್ತೆ. ಮತ್ತೆ ಕೊಲಾಜೆನ್ ಇರೋದು ಕೀಲಲ್ಲಿ ಮಾತ್ರ ಅಂದ್ಕೋಬೇಡಿ, ಚರ್ಮದಲ್ಲಿದೆ, ರಕ್ತನಾಳದ ಗೋಡೆಯಲ್ಲಿದೆ, ಅನ್ನನಾಳ ಕರುಳಲ್ಲಿದೆ, ಗರ್ಭಕೋಶ ಮೂತ್ರಕೋಶನ ಕೆಳಗಿಂದ ಹಿಡಿದಿರೋ ಪದರದಲ್ಲಿದೆ. ಅದಕ್ಕೇ ಕೀಲಿಂದ ಶುರುವಾದ ಮಾತು ಹೊಟ್ಟೆ, ಎದೆಬಡಿತ, ನಿದ್ದೆ, ಮನಸ್ಸಿನ ತನಕ ಹೋಗೋದು.

ಕೀಲು ಎಷ್ಟು ಬಾಗುತ್ತೆ ಅಂತ ಅಳೆಯೋಕೆ ಡಾಕ್ಟರುಗಳು ಬಳಸೋದು ಬೈಟನ್ ಸ್ಕೋರ್, ಒಟ್ಟು 9 ಅಂಕ. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟಿ ಬಾಗಿದ್ರೆ ಒಂದೊಂದು ಕೈಗೆ ಒಂದೊಂದು ಅಂಕ, ಹೆಬ್ಬೆರಳು ಮುಂಗೈಗೆ ತಾಗಿದ್ರೆ ಹಾಗೇ ಒಂದೊಂದು, ಮೊಣಕೈ ಮತ್ತು ಮಂಡಿ ನೇರ ಗೆರೆಯನ್ನ 10 ಡಿಗ್ರಿಗಿಂತ ಹೆಚ್ಚು ದಾಟಿ ಹಿಂದಕ್ಕೆ ಬಾಗಿದ್ರೆ ಅದಕ್ಕೂ ಒಂದೊಂದು, ಕೊನೆಗೆ ಮಂಡಿ ಮಡಿಸದೆ ಅಂಗೈ ನೆಲಕ್ಕೆ ಊರಿದ್ರೆ ಇನ್ನೊಂದು. ದೊಡ್ಡೋರಿಗೆ 5 ಬಂದ್ರೆ ಮೈಯೆಲ್ಲ ಕೀಲು ಸಡಿಲ ಅಂತ ಲೆಕ್ಕ, ಮೈನೆರೆಯದ ಮಕ್ಕಳಿಗೆ 6, 50 ದಾಟಿದೋರಿಗೆ 4 ಸಾಕು, ಯಾಕಂದ್ರೆ ವಯಸ್ಸಾದ ಹಾಗೆ ಎಲ್ಲರ ಕೀಲೂ ಬಿಗಿಯಾಗ್ತಾ ಹೋಗುತ್ತೆ. ಪೀಟರ್ ಬೈಟನ್ ಮತ್ತು ಜೊತೆಗಾರರು ಇದನ್ನ 1973ರಲ್ಲಿ ದಕ್ಷಿಣ ಆಫ್ರಿಕಾದ ತ್ಸ್ವಾನಾ ಜನರ ನಡುವೆ ಸಮೀಕ್ಷೆ ಮಾಡೋವಾಗ ಬಳಸಿದ್ದು. ತುಂಬಾ ಜನರನ್ನ ಬೇಗ ಬೇಗ ನೋಡಿ ಮುಗಿಸೋಕೆ ಹೇಳಿ ಮಾಡಿಸಿದ ಅಳತೆ ಅದು. ಒಬ್ಬ ಮನುಷ್ಯನ ನೋವನ್ನ ಅಳೆಯೋ ಶಕ್ತಿ ಅದಕ್ಕಿಲ್ಲ. ಭುಜ, ಸೊಂಟದ ಕೀಲು, ಕುತ್ತಿಗೆ, ದವಡೆ, ಪಾದ ಇವ್ಯಾವುದನ್ನೂ ಅದು ನೋಡೋದೇ ಇಲ್ಲ, ನಮ್ಮಲ್ಲಿ ಎಷ್ಟೋ ಜನರಿಗೆ ಜಾಸ್ತಿ ಕಾಟ ಕೊಡೋದು ಅವೇ. ಸ್ಕೋರ್ 3 ಬಂದು ಭುಜ ಪದೇ ಪದೇ ಜಾರೋರೂ ಇದ್ದಾರೆ, 9ಕ್ಕೆ 9 ಬಂದು ಒಂದು ದಿನವೂ ನೋಯದೇ ಇರೋರೂ ಇದ್ದಾರೆ.

ಈ ಕೊನೆ ಮಾತು ಮುಖ್ಯ. ಕೀಲು ಜಾಸ್ತಿ ಬಾಗೋರಲ್ಲಿ ಹೆಚ್ಚಿನವರಿಗೆ ಏನೂ ತೊಂದರೆ ಇರಲ್ಲ, ಇದು ಕಾಯಿಲೆ ಅಲ್ಲ, ಮೈಕಟ್ಟಿನ ಒಂದು ರೀತಿ ಅಷ್ಟೇ. ಹಾಗಾದ್ರೆ ಯಾರಿಗೆ ತೊಂದರೆ, ಯಾರಿಗೆ ಅನುಕೂಲ ಅನ್ನೋದಕ್ಕೆ ನಂಗೆ ತುಂಬಾ ಅರ್ಥಪೂರ್ಣ ಅನಿಸಿದ್ದು 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನ. 660 ಸಂಗೀತಗಾರರನ್ನ ಪರೀಕ್ಷೆ ಮಾಡಿದ್ರು. ಮಣಿಕಟ್ಟು ಸಡಿಲ ಇದ್ದೋರಲ್ಲಿ ಆ ಜಾಗದ ನೋವು ಬಿಗಿತ ಇದ್ದದ್ದು ಶೇ 5ರಷ್ಟು ಜನಕ್ಕೆ ಮಾತ್ರ, ಸಡಿಲ ಇಲ್ಲದೋರಲ್ಲಿ ಶೇ 18ರಷ್ಟು ಜನಕ್ಕೆ. ಅಂದ್ರೆ ಪಿಟೀಲು, ಕೊಳಲು, ಪಿಯಾನೊ ನುಡಿಸೋ ಕೈಗೆ ಸಡಿಲತನ ಒಳ್ಳೇದೇ ಮಾಡಿತ್ತು. ಆದ್ರೆ ಬೆನ್ನುಮೂಳೆ ಸಡಿಲ ಇದ್ದೋರಿಗೆ ಲೆಕ್ಕ ತಿರುಗಾಮುರುಗಾ ಆಗಿತ್ತು, ಅವರಲ್ಲಿ ಶೇ 23ರಷ್ಟು ಜನಕ್ಕೆ ಬೆನ್ನಿನ ತೊಂದರೆ, ಉಳಿದೋರಲ್ಲಿ ಶೇ 11. ಬೆರಳು ಮಣಿಕಟ್ಟು ಓಡಾಡ್ತಾ ಇರ್ಬೇಕು, ಬೆನ್ನು ಮಂಡಿ ಹೊರೆ ಹೊತ್ಕೊಂಡು ನಿಲ್ಬೇಕು. ಓಡಾಡೋ ಕೀಲಿಗೆ ಸಡಿಲತನ ವರ, ನಿಲ್ಲೋ ಕೀಲಿಗೆ ಅದೇ ಹೊರೆ. ಇದನ್ನ ಓದಿದಾಗ ನನ್ನ ಮೈ ಬಗ್ಗೆನೇ ಯಾರೋ ಬರೆದಿದ್ದಾರೆ ಅನ್ನಿಸ್ತು, ಯಾಕಂದ್ರೆ ನಂಗೆ ನಡೆಯೋದು ಎಂದೂ ಅಷ್ಟು ಕಷ್ಟ ಆಗಿಲ್ಲ, ಒಂದೇ ಕಡೆ ನಿಂತ್ಕೊಳ್ಳೋದೇ ಕಷ್ಟ.

ನಿಲ್ಲೋದರ ಬಗ್ಗೆ ಇನ್ನೂ ಸ್ವಲ್ಪ ಹೇಳ್ಬೇಕು. ಕ್ಯೂನಲ್ಲಿ ನಿಂತಿರೋವಾಗ ನನ್ನ ಮಂಡಿ ತಾನಾಗೇ ಹಿಂದಕ್ಕೆ ಹೋಗಿ ಲಾಕ್ ಆಗುತ್ತೆ, ಸೊಂಟ ಮುಂದಕ್ಕೆ ಜಾರುತ್ತೆ, ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನ ಅದಕ್ಕೆ ಸುತ್ತಿಬಿಡ್ತೀನಿ. ನೋಡೋರಿಗೆ ಇದು ಸೋಮಾರಿ ನಿಲುವು ಅನ್ಸುತ್ತೆ, ನೆಟ್ಟಗೆ ನಿಲ್ಲು ಅಂತ ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೀನಿ. ಸ್ನಾಯು ಸೋತಾಗ ಮೈ ಕೀಲಿನ ಕಟ್ಟಕಡೆಯ ತುದಿಗೆ ಹೋಗಿ ಲಿಗಮೆಂಟ್ ಮೇಲೆ ಜೋತು ಬೀಳುತ್ತೆ, ಅದು ಮೈ ಹುಡುಕ್ಕೊಂಡಿರೋ ವಿಶ್ರಾಂತಿ, ಆದ್ರೆ ಆಗಲೇ ಹಿಗ್ಗಿರೋ ಲಿಗಮೆಂಟ್ ಮೇಲೆ ಮತ್ತೆ ಮತ್ತೆ ಭಾರ ಬಿದ್ದು ನೋವು ಅಲ್ಲಿಂದಲೇ ಏಳುತ್ತೆ. ಕುರ್ಚಿ ಮೇಲೆ ಕಾಲು ಮಡಚಿ, ತಿರುಚಿ, ಒಂದರ ಮೇಲೊಂದು ಹಾಕಿ ಕೂರೋದೂ ಇದೇ ಕಾರಣಕ್ಕೆ. ಪೆನ್ ಹಿಡಿದು ಬರೆಯೋವಾಗ ಬೆರಳ ತುದಿಯ ಕೀಲು ಒಳಗೆ ಕುಸಿಯುತ್ತೆ, ಅದನ್ನ ತಡೆಯೋಕೆ ಪೆನ್ನನ್ನ ಇನ್ನೂ ಗಟ್ಟಿಯಾಗಿ ಹಿಡೀತೀವಿ, ಪುಟ ತುಂಬೋದ್ರೊಳಗೆ ಕೈ ಸೋತುಹೋಗುತ್ತೆ. ಬೇರೆಯೋರು ಕೆಲಸ ಅಂತ ಎಣಿಸದ ಇಂಥ ಸಣ್ಣ ಸಣ್ಣದ್ದೆಲ್ಲ ನಮ್ಮ ಮೈಯ ಖಾತೆಯಲ್ಲಿ ಖರ್ಚಾಗಿ ಬರೆದುಕೊಳ್ಳುತ್ತೆ.

ಎಲ್ಲಕ್ಕಿಂತ ಗೊಂದಲ ಹುಟ್ಟಿಸೋ ವಿಷಯ ಅಂದ್ರೆ ಇಷ್ಟೆಲ್ಲ ಬಳುಕೋ ಮೈ ಒಳಗಿಂದ ಬಿಗಿ ಬಿಗಿ ಅನ್ಸೋದು. ಕುತ್ತಿಗೆ ಪಕ್ಕ, ಹೆಗಲು, ತೊಡೆ ಹಿಂಭಾಗ, ಬೆನ್ನಿನ ಕೆಳಗೆ ಸದಾ ಯಾರೋ ಎಳೆದು ಕಟ್ಟಿದ್ದಾರೇನೋ ಅನ್ನೋ ಭಾವನೆ. ಲಿಗಮೆಂಟ್ ಹಿಡಿಯದೇ ಇರೋ ಕೀಲನ್ನ ಕಾಪಾಡೋಕೆ ಸ್ನಾಯುಗಳು ಬಿಗಿಹಿಡಿದು ಕೂತಿರ್ತವೆ, ಅದೇ ಈ ಬಿಗಿ. ಬಿಗಿ ಇದೆ ಅಂದ ಕೂಡ್ಲೇ ಎಲ್ಲರೂ ಕೊಡೋ ಸಲಹೆ ಸ್ಟ್ರೆಚ್ ಮಾಡು. ಮಾಡಿದ್ರೆ ಆ ಹೊತ್ತಿಗೆ ಹಾಯ್ ಅನ್ಸುತ್ತೆ ನಿಜ, ಆದ್ರೆ ಕಾವಲಿಗೆ ಕೂತಿದ್ದ ಸ್ನಾಯುನ ಸಡಿಲ ಮಾಡಿದ ಹಾಗಾಗಿ ಕೀಲು ಇನ್ನಷ್ಟು ಅಲುಗಾಡುತ್ತೆ, ಸ್ವಲ್ಪ ಹೊತ್ತಲ್ಲೇ ಸ್ನಾಯು ಮೊದಲಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಯೋಗ, ನೃತ್ಯ, ಜಿಮ್ನಾಸ್ಟಿಕ್ಸ್ ಕಲಿಸೋರು ಇದನ್ನ ತಿಳ್ಕೊಂಡಿರ್ಬೇಕು ಅಂತ ನಂಗೆ ತುಂಬಾ ಅನ್ಸುತ್ತೆ. ತುಂಬಾ ಬಾಗೋ ವಿದ್ಯಾರ್ಥಿಯನ್ನ ಮುಂದೆ ನಿಲ್ಲಿಸಿ ಇನ್ನೂ ಬಾಗು ಅನ್ನೋ ಬದಲು ಮೊಣಕೈ ಮಂಡಿ ಒಂಚೂರು ಮಡಚಿಟ್ಕೋ, ಪೂರ್ತಿ ತುದಿಗೆ ಹೋಗ್ಬೇಡ, ಅಲ್ಲೇ ನಿಂತು ಹಿಡಿ ಅಂತ ಹೇಳಿದ್ರೆ ಅದೇ ಆಸನ, ಅದೇ ಭಂಗಿ ಔಷಧ ಆಗುತ್ತೆ.

ಇನ್ನು ಹೆಸರಿನ ವಿಚಾರ. ಕೀಲು ಸಡಿಲ ಇದ್ದು ಜೊತೆಗೆ ಮೈಕೈ ನೋವಿರೋರನ್ನ ಗುರುತಿಸಿ ಅದಕ್ಕೆ ಹೈಪರ್‌ಮೊಬಿಲಿಟಿ ಸಿಂಡ್ರೋಮ್ ಅಂದದ್ದು ಬ್ರಿಟನ್ನಿನ ಕರ್ಕ್, ಆನ್ಸೆಲ್, ಬೈವಾಟರ್ಸ್ ಅನ್ನೋ ಮೂವರು ವೈದ್ಯರು, 1967ರಲ್ಲಿ. ಅದಕ್ಕೂ ಮೊದಲೇ ಡೆನ್ಮಾರ್ಕಿನ ಎಡ್ವರ್ಡ್ ಎಹ್ಲರ್ಸ್ 1901ರಲ್ಲಿ, ಫ್ರಾನ್ಸಿನ ಆನ್ರಿ ಅಲೆಕ್ಸಾಂಡ್ರ್ ಡಾನ್ಲೋಸ್ 1908ರಲ್ಲಿ ಚರ್ಮ ಹಿಗ್ಗೋ, ಕೀಲು ಸಡಿಲ ಇರೋ ರೋಗಿಗಳ ಬಗ್ಗೆ ಬರೆದಿದ್ರು, ಎಹ್ಲರ್ಸ್ ಡಾನ್ಲೋಸ್ ಸಿಂಡ್ರೋಮ್ ಅನ್ನೋ ಹೆಸರು ಅವರಿಂದ ಬಂದಿದ್ದು. 2017ರ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಇದರಲ್ಲಿ 13 ಬಗೆ ಮಾಡಿದ್ರು. ಅವುಗಳಲ್ಲಿ ಹೈಪರ್‌ಮೊಬೈಲ್ ಬಗೆ ಒಂದಕ್ಕೆ ಮಾತ್ರ ಕಾರಣವಾದ ಜೀನ್ ಖಚಿತವಾಗಿಲ್ಲ, ಹಾಗಾಗಿ ಅದನ್ನ ತೋರಿಸೋ ರಕ್ತ ಪರೀಕ್ಷೆಯೂ ಇಲ್ಲ. ಈ ಹೈಪರ್‌ಮೊಬೈಲ್ ಬಗೆಯ ಮಾನದಂಡಕ್ಕೆ ಪೂರ್ತಿ ಹೊಂದದೆ, ಆದ್ರೆ ಸಡಿಲ ಕೀಲಿಂದ ತೊಂದರೆ ಪಡ್ತಿರೋರಿಗೆ ಹೈಪರ್‌ಮೊಬಿಲಿಟಿ ಸ್ಪೆಕ್ಟ್ರಮ್ ಡಿಸಾರ್ಡರ್ ಅನ್ನೋ ಹೆಸರು ಕೊಟ್ರು. ಎರಡರಲ್ಲಿ ಒಂದು ಜಾಸ್ತಿ ಒಂದು ಕಮ್ಮಿ ಅಂತಿಲ್ಲ, ನೋವು ಎರಡರಲ್ಲೂ ಅಷ್ಟೇ ಇರಬಹುದು, ಚಿಕಿತ್ಸೆಯೂ ಬಹುಪಾಲು ಒಂದೇ. ಒಂದು ಎಚ್ಚರಿಕೆ ಮಾತ್ರ ಹೇಳ್ಲೇಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಲ್ಲೇ ರಕ್ತನಾಳ ಅಥವಾ ಕರುಳು ಒಡೆದು ಸತ್ತೋರು ಇದ್ರೆ, ಚರ್ಮ ತುಂಬಾ ತೆಳು ಇದ್ದು ಒಳಗಿನ ನಾಳಗಳು ಎದ್ದು ಕಾಣ್ತಿದ್ರೆ, ಅಥವಾ ತುಂಬಾ ಎತ್ತರ, ತುಂಬಾ ಉದ್ದ ಬೆರಳು, ಕಣ್ಣಿನ ಮಸೂರ ಜಾರಿರೋದು, ಹೃದಯದ ಮಹಾಪಧಮನಿಯ ತೊಂದರೆ ಇಂಥದ್ದೆಲ್ಲ ಕುಟುಂಬದಲ್ಲಿದ್ರೆ ದಯವಿಟ್ಟು ತಡ ಮಾಡದೆ ಡಾಕ್ಟರಿಗೆ ತಿಳಿಸಿ. ನಾಳಗಳಿಗೆ ಸಂಬಂಧಪಟ್ಟ ಎಹ್ಲರ್ಸ್ ಡಾನ್ಲೋಸ್, ಮಾರ್ಫನ್ ಸಿಂಡ್ರೋಮ್ ಇವೆಲ್ಲ ಬೇರೆ ವಿಷಯ, ಅವಕ್ಕೆ ಜೀನ್ ಪರೀಕ್ಷೆ ಇದೆ, ಅವನ್ನ ಗುರುತಿಸಿದ್ರೆ ಜೀವ ಉಳಿಯುತ್ತೆ.

ಇಎಸ್‌ಆರ್ ನಾರ್ಮಲ್, ಸಿಆರ್‌ಪಿ ನಾರ್ಮಲ್, ರುಮಟಾಯ್ಡ್ ಫ್ಯಾಕ್ಟರ್ ಇಲ್ಲ, ಎಕ್ಸ್‌ರೇ ಚೆನ್ನಾಗಿದೆ. ನಮ್ಮಂಥೋರ ಫೈಲ್ ತುಂಬಾ ಇಂಥದೇ ಕಾಗದ. ಇವೆಲ್ಲ ಉರಿಯೂತನ, ಮೂಳೆ ಸವೆತನ ಹುಡುಕೋ ಪರೀಕ್ಷೆಗಳು, ಕೀಲು ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನೋದನ್ನ ಅವು ಹೇಳಲ್ಲ. ಕೈಕಾಲು ಮುಟ್ಟಿ ಬಾಗಿಸಿ ನೋಡಿದ್ರೆ ಮಾತ್ರ ಗೊತ್ತಾಗೋ ವಿಷಯ ಇದು. ರಿಪೋರ್ಟ್ ನಾರ್ಮಲ್ ಇದೆ, ನಿಮಗೆ ಏನೂ ಆಗಿಲ್ಲ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಅನ್ನೋ ಮಾತು ಕೇಳಿ ಹೊರಗೆ ಬರೋವಾಗ ನೋವಿನ ಮೇಲೆ ಇನ್ನೊಂದು ಭಾರ ಸೇರ್ಕೊಳ್ಳುತ್ತೆ, ನಾನೇ ಏನೋ ಕಲ್ಪಿಸ್ಕೊಳ್ತಿದ್ದೀನಾ ಅನ್ನೋ ಅನುಮಾನ. ಆ ಅನುಮಾನ ಮನುಷ್ಯನನ್ನ ಒಳಗಿಂದ ತಿನ್ನುತ್ತೆ, ಮನೆಯೋರ ಹತ್ರ ಹೇಳೋದು ನಿಲ್ಲಿಸ್ತೀವಿ, ಗೆಳೆಯರು ಕರೆದ್ರೆ ಏನೋ ನೆಪ ಹೇಳ್ತೀವಿ. ನನ್ನ ಮೊಣಕೈ, ಬೆರಳು, ಮಂಡಿ, ಭುಜ ಎಲ್ಲಾನೂ ಒಂದೊಂದಾಗಿ ಪರೀಕ್ಷಿಸಿ ಇದಕ್ಕೆ ಕಾರಣ ಇದೆ ಅಂತ ಮೊದಲ ಸಲ ಹೇಳಿದ್ದು ಒಬ್ಬ ಫಿಸಿಯೋಥೆರಪಿಸ್ಟ್. ಆ ಮಾತಿಂದ ನೋವೇನೂ ಕಮ್ಮಿ ಆಗ್ಲಿಲ್ಲ, ಆದ್ರೆ ಅವತ್ತಿಂದ ನನ್ನ ಮೈ ಜೊತೆ ಜಗಳ ಆಡೋದು ನಿಂತುಹೋಯ್ತು, ಅದರ ಬೆಲೆ ನಂಗೆ ಮಾತ್ರ ಗೊತ್ತು.

ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸ್ಕೊಳ್ಳೋದು, ಮೇಜಿನ ಮೂಲೆಗೆ ಸೊಂಟ ಹೊಡ್ಕೊಳ್ಳೋದು, ಯಾವಾಗ ಆಯ್ತು ಅಂತಾನೇ ಗೊತ್ತಿಲ್ಲದ ನೀಲಿ ಕಲೆಗಳು, ಸಮತಟ್ಟು ನೆಲದಲ್ಲೂ ಪಾದ ಉಳುಕೋದು, ಇದೂ ಇದರ ಭಾಗವೇ. ಕೈಕಾಲು ಎಲ್ಲಿದೆ ಅಂತ ಕಣ್ಣುಮುಚ್ಚಿದ್ರೂ ತಿಳಿಸೋ ಒಂದು ಇಂದ್ರಿಯ ನಮ್ಮೊಳಗಿದೆ, ಪ್ರೊಪ್ರಿಯೋಸೆಪ್ಷನ್ ಅಂತ ಅದಕ್ಕೆ ಹೆಸರಿಟ್ಟಿದ್ದು ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್, 1906ರಲ್ಲಿ. ಸ್ನಾಯು, ಅದನ್ನ ಮೂಳೆಗೆ ಕಟ್ಟೋ ಟೆಂಡನ್, ಕೀಲಿನ ಪಟ್ಟಿಗಳು ಎಷ್ಟು ಎಳೆದುಕೊಂಡಿವೆ ಅನ್ನೋ ಸುದ್ದಿಯ ಮೇಲೆ ಅದು ನಡೆಯುತ್ತೆ. ಸಡಿಲ ಪಟ್ಟಿಯಿಂದ ಸುದ್ದಿ ತಡವಾಗಿ, ಮಸುಕಾಗಿ ಬರುತ್ತೆ, ಹೈಪರ್‌ಮೊಬಿಲಿಟಿ ಇರೋರ ಮಂಡಿ ಬೆರಳುಗಳಲ್ಲಿ ಈ ಅರಿವು ಕಮ್ಮಿ ಇರೋದನ್ನ ಅಳೆದೂ ನೋಡಿದ್ದಾರೆ. ಇದಕ್ಕೆ ಸಮಾಧಾನದ ಸುದ್ದಿಯೂ ಇದೆ, ಈ ಅರಿವನ್ನ ತರಬೇತಿಯಿಂದ ಚುರುಕು ಮಾಡ್ಬಹುದು. ಒಂದು ಕಾಲಲ್ಲಿ ನಿಲ್ಲೋ ಅಭ್ಯಾಸ, ಕನ್ನಡಿ ಮುಂದೆ ನಿಧಾನವಾಗಿ ಮಾಡೋ ವ್ಯಾಯಾಮ, ಮೈಗೆ ಒತ್ತಿ ಕೂರೋ ಬಟ್ಟೆ, ಟೇಪ್ ಇವೆಲ್ಲ ಕೀಲು ಎಲ್ಲಿದೆ ಅಂತ ಮೆದುಳಿಗೆ ನೆನಪಿಸ್ತವೆ.

ಎದ್ದು ನಿಂತ ಕೂಡ್ಲೇ ತಲೆಸುತ್ತು, ಕಣ್ಣು ಕತ್ತಲೆ, ಎದೆ ಢವಢವ ಇದೂ ನಮ್ಮಲ್ಲಿ ಎಷ್ಟೋ ಜನಕ್ಕೆ ಇದೆ. ನಿಂತಾಗ ರಕ್ತ ಕಾಲಿಗೆ ಇಳಿಯೋದು ಸಹಜ, ರಕ್ತನಾಳಗಳು ತಕ್ಷಣ ಬಿಗಿಯಾಗಿ ಅದನ್ನ ಮೇಲಕ್ಕೆ ಕಳಿಸ್ಬೇಕು, ಅದು ಸರಿಯಾಗಿ ಆಗದಿದ್ರೆ ಹೃದಯ ಜೋರಾಗಿ ಬಡಿದು ಸರಿದೂಗಿಸೋಕೆ ನೋಡುತ್ತೆ. ನಿಂತ 10 ನಿಮಿಷದೊಳಗೆ ರಕ್ತದೊತ್ತಡ ಬೀಳದೆ ಎದೆಬಡಿತ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಹಾಗೇ ಉಳಿದ್ರೆ, ಹದಿಹರೆಯದೋರಲ್ಲಿ 40, ಜೊತೆಗೆ ಇಂಥ ಲಕ್ಷಣಗಳು ತಿಂಗಳುಗಟ್ಟಲೆ ಇದ್ರೆ ಪಾಟ್ಸ್ ಅನ್ನೋ ತೊಂದರೆ ಇರಬಹುದು ಅಂತ ಯೋಚಿಸ್ತಾರೆ. ನೀರು ಜಾಸ್ತಿ ಕುಡಿಯೋದು, ಡಾಕ್ಟರು ಒಪ್ಪಿದ್ರೆ ಉಪ್ಪು ಹೆಚ್ಚಿಸೋದು, ಬಿಗಿ ಕಾಲುಚೀಲ, ಮಲಗಿ ಕೂತು ಮಾಡೋ ವ್ಯಾಯಾಮದಿಂದ ಶುರು ಮಾಡಿ ಮೀನಖಂಡ ತೊಡೆ ಗಟ್ಟಿ ಮಾಡ್ಕೊಳ್ಳೋದು ಸಹಾಯ ಮಾಡುತ್ತೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರೋರು ಉಪ್ಪಿನ ವಿಷಯದಲ್ಲಿ ಸ್ವಂತ ಪ್ರಯೋಗ ಮಾಡ್ಬಾರದು.

ಮನಸ್ಸಿನ ಮಾತಿಗೆ ಬರ್ತೀನಿ, ನಂಗೆ ಇದೇ ಜಾಸ್ತಿ ಮುಖ್ಯ. ಆತಂಕ ಪಡೋ ಸ್ವಭಾವದೋರಿಗೆ ಮೈಯೆಲ್ಲ ನೋವು ಅಂತ ತಳ್ಳಿಹಾಕೋದನ್ನ ಕೇಳಿ ಕೇಳಿ ಸಾಕಾಗಿರೋರಿಗೆ ಇದು ಗೊತ್ತಿರ್ಬೇಕು, ಸಡಿಲ ಕೀಲು ಮತ್ತು ಆತಂಕ ಎರಡೂ ಒಟ್ಟಿಗೆ ಬರೋದನ್ನ ಬಾರ್ಸಿಲೋನಾದ ಮನೋವೈದ್ಯ ಆಂತೋನಿ ಬುಲ್ಬೆನಾ ಮತ್ತು ಸಂಗಡಿಗರು 1980ರ ದಶಕದಿಂದಲೇ ತೋರಿಸ್ತಾ ಬಂದಿದ್ದಾರೆ. ಬ್ರಿಟನ್ನಿನ ಜೆಸಿಕಾ ಎಕಲ್ಸ್ ಮತ್ತು ಜೊತೆಗಾರರು 2012ರಲ್ಲಿ ಮೆದುಳಿನ ಸ್ಕ್ಯಾನ್ ಹೋಲಿಸಿ ನೋಡಿದಾಗ ಹೈಪರ್‌ಮೊಬಿಲಿಟಿ ಇರೋರಲ್ಲಿ ಅಮಿಗ್ಡಾಲಾ, ಅಂದ್ರೆ ಭಯದ ಜೊತೆ ನೇರ ಸಂಬಂಧ ಇರೋ ಭಾಗ, ದೊಡ್ಡದಿತ್ತು. ಹೃದಯ ಕಾರಣ ಇಲ್ಲದೆ ಜೋರಾಗಿ ಹೊಡ್ಕೊಂಡ್ರೆ ಮೆದುಳು ಅದಕ್ಕೊಂದು ಕಾರಣ ಹುಡುಕುತ್ತೆ, ಏನೋ ಅಪಾಯ ಇದೆ ಅಂದ್ಕೊಳ್ಳುತ್ತೆ, ಆ ಭಯಕ್ಕೆ ಎದೆ ಇನ್ನೂ ಜೋರಾಗಿ ಬಡಿಯುತ್ತೆ. ಜೊತೆಗೆ ಯಾವಾಗ ಯಾವ ಕೀಲು ಜಾರುತ್ತೋ ಅನ್ನೋ ಕಾವಲು ಬೇರೆ. ಇದು ಮನೋದೌರ್ಬಲ್ಯ ಅಲ್ವೇ ಅಲ್ಲ, ಮೈ ಕಳಿಸ್ತಿರೋ ನಿಜವಾದ ಸುದ್ದಿಯನ್ನ ಮನಸ್ಸು ಓದ್ತಿರೋ ರೀತಿ. ಇದನ್ನ ತಿಳಿದ ಮೇಲೆ ನಂಗೆ ಎದೆ ಹೊಡ್ಕೊಂಡಾಗ ಮೊದಲು ಕೂರ್ತೀನಿ, ಕಾಲು ಮೇಲೆತ್ತಿ ಇಡ್ತೀನಿ, ನೀರು ಕುಡೀತೀನಿ, ಆಮೇಲೆ ಭಯ ಉಳಿದಿದ್ರೆ ಅದರ ಜೊತೆ ಮಾತಾಡ್ತೀನಿ. ಎಷ್ಟೋ ಸಲ ಉಳಿದಿರಲ್ಲ. ಹಾಗಂತ ಕೌನ್ಸೆಲಿಂಗ್ ಬೇಡ ಅಂತ ಯಾರೂ ಅಂದ್ಕೋಬಾರದು, ದೀರ್ಘಕಾಲದ ನೋವು ನರಮಂಡಲವನ್ನೇ ಅತಿ ಸೂಕ್ಷ್ಮ ಮಾಡಿಬಿಡುತ್ತೆ, ಸಣ್ಣ ಸ್ಪರ್ಶವೂ ದೊಡ್ಡ ನೋವಾಗಿ ಕಾಣುತ್ತೆ, ಅದನ್ನ ತಣಿಸೋಕೆ ಮಾತಿನ ಚಿಕಿತ್ಸೆ ಒಂದು ಒಳ್ಳೆ ದಾರಿ.

ನಿದ್ದೆ ಹಾಳಾಗೋದು, ಮಗ್ಗುಲು ಬದಲಿಸಿದಾಗ ಭುಜ ಜಾರಿ ಎಚ್ಚರ ಆಗೋದು, ಎದೆಯುರಿ, ಹೊಟ್ಟೆ ಉಬ್ಬರ, ಮಲಬದ್ಧತೆ, ಹರ್ನಿಯಾ, ಚಪ್ಪಟೆ ಪಾದ, ದವಡೆ ಕಟಕಟ ಅನ್ನೋದು, ಇವೆಲ್ಲ ಬೇರೆ ಬೇರೆ ಡಾಕ್ಟರ ಹತ್ರ ಬೇರೆ ಬೇರೆ ಕಾಯಿಲೆಯಾಗಿ ಹಂಚಿಹೋಗಿರ್ತವೆ. ಎಲ್ಲದಕ್ಕೂ ಹೈಪರ್‌ಮೊಬಿಲಿಟಿನೇ ಕಾರಣ ಅಂತ ಕೂರೋದೂ ತಪ್ಪು, ಬೇರೆ ಕಾಯಿಲೆ ಇದ್ರೆ ತಪ್ಪಿಹೋಗುತ್ತೆ. ಆದ್ರೆ ಎಲ್ಲಾನೂ ಒಂದೇ ಕಾಗದದಲ್ಲಿ ಬರೆದು ಒಬ್ಬ ಡಾಕ್ಟರ ಮುಂದೆ ಇಡೋದು ಒಳ್ಳೇದು.

ಹೆಂಗಸರಿಗೆ ಇದು ಜಾಸ್ತಿ ಕಾಣಿಸ್ಕೊಳ್ಳುತ್ತೆ, ಹಾರ್ಮೋನ್ ಏರಿಳಿತದ ಜೊತೆ ಹೆಚ್ಚು ಕಮ್ಮಿ ಆಗ್ತಾ ಇರುತ್ತೆ. ಮುಟ್ಟಿನ ಹಿಂದಿನ ದಿನಗಳಲ್ಲಿ ಕೀಲು ಇನ್ನಷ್ಟು ಸಡಿಲ ಅನ್ಸೋದು, ಕೈಯಿಂದ ವಸ್ತು ಜಾರೋದು, ಪಾದ ಉಳುಕೋದು ತುಂಬಾ ಜನ ಹೇಳೋ ಮಾತು. ಬಸುರಿಯಲ್ಲಿ ಸೊಂಟದ ಕಟ್ಟು ಸಡಿಲ ಆಗೋದು ಎಲ್ಲರಿಗೂ ಆಗುತ್ತೆ, ಮೊದಲೇ ಸಡಿಲ ಇದ್ದೋರಿಗೆ ನಡೆಯೋಕೇ ಕಷ್ಟ ಆಗುವಷ್ಟು ನೋವು ಬರಬಹುದು. ಹೆರಿಗೆ ಆದ್ಮೇಲೆ ಕೆಮ್ಮಿದ್ರೆ ಮೂತ್ರ ಸೋರೋದು, ಗರ್ಭಕೋಶ ಕೆಳಗೆ ಜಾರೋದು ಇದ್ರೆ ನಾಚಿಕೆಯಿಂದ ಮುಚ್ಚಿಡ್ಬೇಡಿ, ಅದಕ್ಕಂತಾನೇ ತರಬೇತಿ ಪಡೆದ ಫಿಸಿಯೋಗಳಿದ್ದಾರೆ, ಸಹನೆಯಿಂದ ವ್ಯಾಯಾಮ ಮಾಡಿದ್ರೆ ಬಹಳಷ್ಟು ಸುಧಾರಿಸುತ್ತೆ.

ಮಕ್ಕಳ ವಿಷಯಕ್ಕೆ ಬಂದ್ರೆ ನಂಗೆ ಮನಸ್ಸು ಕರಗುತ್ತೆ. ರಾತ್ರಿ ಕಾಲು ನೋವು ಅಂತ ಅಳೋ ಮಗು, ಪೆನ್ಸಿಲ್ ಬೇಗ ಕೆಳಗಿಡೋ ಮಗು, ಸ್ವಲ್ಪ ನಡೆದ್ರೆ ಎತ್ಕೋ ಅನ್ನೋ ಮಗು, ನೆಲದ ಮೇಲೆ ಕಾಲನ್ನ ಎರಡೂ ಪಕ್ಕಕ್ಕೆ ಚಾಚಿ ಕೂರೋ ಮಗು. ಇದು ಹಟ ಅಂತ ಬೈಯೋ ಮೊದಲು ಅದರ ಬೆರಳು, ಮೊಣಕೈ, ಮಂಡಿ ಒಂದ್ಸಲ ನೋಡಿ. ಚಿಕ್ಕ ಮಕ್ಕಳಲ್ಲಿ ಕೀಲು ಸಡಿಲ ಇರೋದು ತುಂಬಾ ಸಾಮಾನ್ಯ, ಬೆಳೆದ ಹಾಗೆ ಎಷ್ಟೋ ಮಕ್ಕಳಲ್ಲಿ ಕಮ್ಮಿ ಆಗುತ್ತೆ, ಅದಕ್ಕೆ ಹೆದರೋ ಅಗತ್ಯ ಇಲ್ಲ. ಓಡ್ಲಿ, ಈಜ್ಲಿ, ಸೈಕಲ್ ಹೊಡೀಲಿ, ಆಟದಿಂದ ಹೊರಗಿಡ್ಬೇಡಿ. ದಪ್ಪ ಪೆನ್ಸಿಲ್ ಕೊಡಿ, ಪರೀಕ್ಷೆಯಲ್ಲಿ ಬರೆಯೋಕೆ ಸ್ವಲ್ಪ ಹೆಚ್ಚು ಸಮಯ ಕೇಳಿ. ಬೆರಳು ಹಿಂದಕ್ಕೆ ಬಾಗಿಸಿ ತೋರ್ಸು ಅಂತ ಬಂದೋರ ಮುಂದೆಲ್ಲ ಮಾತ್ರ ಆಡಿಸ್ಬೇಡಿ.

ಇದನ್ನ ವಾಸಿ ಮಾಡೋ ಮಾತ್ರೆ ಇಲ್ಲ. ಇರೋದು ಶಕ್ತಿ ಬೆಳೆಸೋದು ಒಂದೇ. ಲಿಗಮೆಂಟ್ ಮಾಡ್ದೇ ಇರೋ ಕೆಲಸ ಸ್ನಾಯು ಹೇಗೂ ಮಾಡ್ತಿದೆ, ಅದೇ ಕೆಲಸಕ್ಕೆ ಅದನ್ನ ತಯಾರು ಮಾಡಿದ್ರೆ ದಣಿವು ಕಮ್ಮಿ. ಶುರುವಲ್ಲಿ ಕೀಲು ಅಲುಗಾಡಿಸದೆ ಸ್ನಾಯು ಬಿಗಿ ಹಿಡಿಯೋ ವ್ಯಾಯಾಮ, ಗೋಡೆಗೆ ಅಂಗೈ ಒತ್ತೋದು, ತೊಡೆ ಬಿಗಿ ಮಾಡಿ ಹಿಡಿಯೋದು ಅಷ್ಟೇ. ಆಮೇಲೆ ನಿಧಾನವಾಗಿ ಭಾರ. ಸಡಿಲ ಕೀಲಿನೋರು ಭಾರ ಎತ್ತಬಾರದು ಅನ್ನೋ ನಂಬಿಕೆ ಗಟ್ಟಿಯಾಗಿತ್ತು, ಆದ್ರೆ 2022ರಲ್ಲಿ ಡೆನ್ಮಾರ್ಕಿನಲ್ಲಿ ಸಡಿಲ ಭುಜದ ತೊಂದರೆ ಇರೋ 100 ಜನರನ್ನ ಎರಡು ಗುಂಪು ಮಾಡಿ 16 ವಾರ ನೋಡಿದಾಗ, ಹಗುರ ವ್ಯಾಯಾಮ ಮಾಡಿದೋರಿಗಿಂತ ಹಂತಹಂತವಾಗಿ ಹೆಚ್ಚು ಭಾರ ಎತ್ತಿದೋರ ಭುಜ ಜಾಸ್ತಿ ಸುಧಾರಿಸಿತ್ತು, ಗಂಭೀರ ತೊಂದರೆ ಏನೂ ಆಗಲಿಲ್ಲ. ತಿಳಿದೋರ ಕಣ್ಣ ಮುಂದೆ, ಕೀಲು ತುದಿಗೆ ಹೋಗದ ಹಾಗೆ ಮಾಡಿದ್ರೆ ಭಾರ ನಮ್ಮ ಶತ್ರು ಅಲ್ಲ ಅಂತ ಇದರಿಂದ ನಂಗೆ ಧೈರ್ಯ ಬಂತು. ನಂಗೆ ಫಲ ಕಾಣಿಸಿದ್ದು ನಿಧಾನಕ್ಕೆ, ವಾರಗಳಲ್ಲಿ ಅಲ್ಲ ತಿಂಗಳುಗಳಲ್ಲಿ, ಆದ್ರೆ ಮೆಟ್ಟಿಲು ಇಳಿಯೋವಾಗ ಮಂಡಿ ನಂಬಿಕೆಗೆ ಬಂದ ದಿನ ಗೊತ್ತಾಗುತ್ತೆ.

ನೋವಾಗುತ್ತೆ ಅಂತ ಅಲುಗಾಡೋದನ್ನೇ ಬಿಟ್ರೆ ಸ್ನಾಯು ಕರಗುತ್ತೆ, ಕರಗಿದ್ರೆ ಕೀಲು ಇನ್ನೂ ಸಡಿಲ, ನೋವು ಇನ್ನೂ ಜಾಸ್ತಿ. ಇನ್ನೊಂದು ಕಡೆ ಒಳ್ಳೇ ದಿನ ಬಂತು ಅಂತ ಬಾಕಿ ಇರೋದೆಲ್ಲ ಒಂದೇ ದಿನ ಮುಗಿಸೋಕೆ ಹೋದ್ರೆ ಮುಂದಿನ ದಿನಗಳು ಹಾಸಿಗೆಯಲ್ಲಿ. ನಂಗೆ ಕಷ್ಟವಾದದ್ದು ಎರಡನೇದು, ಆರಾಮ ಇರೋವಾಗಲೇ ನಿಲ್ಲಿಸೋದು. ಕೆಲಸದ ಮಧ್ಯೆ ಭಂಗಿ ಬದಲಿಸೋದು, ನಿಂತು ಮಾಡೋದನ್ನ ಕೂತು ಮಾಡೋದು, ಬೆರಳಿಗೆ ಸ್ಪ್ಲಿಂಟ್ ಹಾಕ್ಕೊಳ್ಳೋದು, ಬಸ್ಸಲ್ಲಿ ಸೀಟು ಕೇಳೋದು. ಈ ಕೊನೇದಕ್ಕೆ ನಂಗೆ ಇವತ್ತಿಗೂ ಬಾಯಿ ಬರಲ್ಲ, ಯಾಕಂದ್ರೆ ನೋಡೋಕೆ ಚೆನ್ನಾಗೇ ಇದ್ದೀನಿ. ಆದ್ರೆ ಹತ್ತಿರದೋರಿಗೆ ಹೇಳೋದು ಕಲ್ತಿದ್ದೀನಿ. ಇವತ್ತು ಆಗಲ್ಲ ಅಂದ್ರೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಮೈ ಇವತ್ತಿನ ದುಡಿಮೆ ಮುಗಿಸಿಬಿಟ್ಟಿದೆ ಅಂತ.

ಇಷ್ಟು ಓದಿ ನಿಮ್ಮ ಮೈಯನ್ನೂ ಇದರಲ್ಲಿ ಗುರುತಿಸಿದ್ರೆ ಇನ್ನೊಂದು ವಿಷಯ ತಿಳ್ಕೊಂಡಿರಿ. ನಮ್ಮಲ್ಲಿ ಕೆಲವರಿಗೆ ಹಲ್ಲು ಕೀಳೋವಾಗ, ಹೊಲಿಗೆ ಹಾಕೋವಾಗ ಕೊಡೋ ಮರಗಟ್ಟಿಸೋ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ, ಅಥವಾ ಬೇಗ ಇಳಿದುಹೋಗುತ್ತೆ. ಇಂಜೆಕ್ಷನ್ ಕೊಡೋ ಮೊದಲೇ ಅದನ್ನ ಹೇಳಿ, ಇನ್ನೂ ನೋವಾಗ್ತಿದೆ ಅಂದ್ರೆ ಸಹಿಸ್ಕೊಂಡು ಕೂರ್ಬೇಡಿ. ದಂತವೈದ್ಯರ ಹತ್ರ ಬಾಯಿ ತುಂಬಾ ಹೊತ್ತು ಅಗಲವಾಗಿ ತೆರೆದಿಡೋಕಾಗಲ್ಲ, ದವಡೆ ಜಾರಬಹುದು, ನಡುನಡುವೆ ಬಿಡುವು ಕೊಡಿ ಅಂತ ಕೇಳಿ. ಆಪರೇಷನ್ ಇದ್ರೆ ಅರಿವಳಿಕೆ ಕೊಡೋ ಡಾಕ್ಟರಿಗೂ, ಮಲಗಿಸಿ ತಿರುಗಿಸೋ ಸಿಬ್ಬಂದಿಗೂ ಕುತ್ತಿಗೆ ಭುಜ ಸಡಿಲ ಇರೋದು ಮೊದಲೇ ಗೊತ್ತಿರ್ಬೇಕು, ಹೊಲಿಗೆ ಕೂಡೋಕೆ ಸ್ವಲ್ಪ ಜಾಸ್ತಿ ದಿನ ಬೇಕಾಗಬಹುದು ಅಂತಾನೂ. ಅಲ್ಲಿ ಹೇಳೋಕೆ ಮಾತು ಹೊರಡಲ್ಲ ಅಂದ್ರೆ ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದು ತಗೊಂಡು ಹೋಗಿ, ನಾನು ಹಾಗೇ ಮಾಡೋದು.